ನೀಲವ್ವನ ಜೋಳ

ಪರದೇಶದ ನೆರವಿನಿಂದ ಹೊಸದಾಗಿ ತೆರೆದ ಕೃಷಿ ಸಂಶೋಧನಾ ಕೇಂದ್ರದ ಹೊಸ ತಳಿಯ ಜೋಳದ ಬೀಜವನ್ನು ಊರಲ್ಲಿ ಮೊದಲು ಬಿತ್ತಲು ಒಪ್ಪಿದವರು ನೀಲವ್ವ ಮತ್ತು ಪಕ್ಕದ ಹೊಲದ ಫಕೀರಪ್ಪ. ಬೀಜ ತಂದುಕೊಟ್ಟ ವಿಸ್ತರಣಾಧಿಕಾರಿ ಷಡಕ್ಷರಿ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ, ಬಂದಾಗಲೆಲ್ಲ ಅವಳ ಕೈಯ ರೊಟ್ಟಿ ಉಂಡು ಹೋಗುತ್ತಿದ್ದ.

ಫಕೀರಪ್ಪನ ಪೈರು ಸೊಂಪಾಗಿ ಎದ್ದಿತು. ನೀಲವ್ವನದು ಎಂದಿನಂತೆ ತೆಳ್ಳಗೇ ಉಳಿಯಿತು.

"ನಂದೇನ್ ತಪ್ಪಾತೋ ತಮ್ಮಾ?" ಎಂದು ಅವಳು ಕೇಳಿದಳು.

"ಬೀಜ ಇಬ್ಬರಿಗೂ ಒಂದ ಕೊಟ್ಟೇನಿ ಅಕ್ಕಾ. ನಿಮ್ಮ ಆರೈಕಿ ಕಡಿಮಿ ಬಿದ್ದಿರಬೇಕು" ಎಂದ ಷಡಕ್ಷರಿ.

ಅವಳು ಸೊಂಟದ ನೋವು ಮರೆತು ಮತ್ತೆ ಮತ್ತೆ ಕಳೆ ಕಿತ್ತಳು. "ನಿನ್ನ ಕೈಗುಣನ ಸರಿ ಇಲ್ಲ" ಎಂದು ಗಂಡ ಮಾತು ಬಿಟ್ಟ.

ತೆನೆ ಕಟ್ಟುವ ಹೊತ್ತಿಗೆ ನೆರವು ಕೊಟ್ಟ ದೇಶದ ತಜ್ಞೆಯೊಬ್ಬರು ಷಡಕ್ಷರಿಯ ಜೊತೆ ಬಂದರು. ಫಕೀರಪ್ಪನ ಹೊಲ ನೋಡಿ, ನೀಲವ್ವನ ಬದುವಿಗೂ ನಡೆದರು.

"ತಪ್ಪು ನಂದರೀ ಬಾಯಾರ" ಎಂದು ನೀಲವ್ವ ತಲೆ ತಗ್ಗಿಸಿದಳು.

ತಜ್ಞೆ ಅವಳ ಕೈ ಹಿಡಿದು, ಕಲಿತ ಕನ್ನಡದಲ್ಲಿ ನಿಧಾನವಾಗಿ ಹೇಳಿದರು: "ಹೋಲಿಸಿ ನೋಡಲು ಒಂದು ಹೊಲಕ್ಕೆ ಹಳೆಯ ಬೀಜವನ್ನೇ ಹಾಕಬೇಕಿತ್ತು. ಅದಕ್ಕೆ ನೀವು ತಿಳಿದೇ ಒಪ್ಪಿದಿರಿ ಎಂದು ಷಡಕ್ಷರಿ ಹೇಳಿದರು. ದೊಡ್ಡ ಉಪಕಾರವಾಯಿತು."