ಕಾರು ಕೂಗಿದಾಗಲೆಲ್ಲ

ವಕೀಲ ಅನಂತರಾಮಯ್ಯನವರ ಫಿಯೆಟ್ ಮತ್ತೆ ಕಿರುಚತೊಡಗಿತು. ಯಾರೂ ಮುಟ್ಟಿರಲಿಲ್ಲ. ಬಟವಾಡಿಯ ಆ ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಎದುರುಮನೆಯ ದಾಕ್ಷಾಯಣಿ ಕಿವಿ ಮುಚ್ಚಿಕೊಂಡು, "ಯಾವನಾದ್ರೂ ಕಳ್ಳ ಬಂದು ಇದನ್ನ ಎತ್ಕೊಂಡು ಹೋಗಬಾರ್ದಾ!" ಎಂದು ಕೂಗಿದಳು.

ಯೋಗನರಸಿಂಹ ಸೈಕಲ್ಲು ತುಳಿದುಕೊಂಡು ಹಾರಿ ಬಂದ. ರಿಪೇರಿಗೆ ಬಂದವನ ಮುಖವಲ್ಲ ಅದು. ಬೀಗರೂಟಕ್ಕೆ ಹೊರಟವನ ಮುಖ.

ಕಾರಿಗೆ ಕಳ್ಳರ ಅಲಾರಂ ಎಂಬುದನ್ನು ತುಮಕೂರು ಕಂಡದ್ದೇ ಆ ವರ್ಷ, ಎಂಬತ್ತಾರರಲ್ಲಿ. ವಕೀಲರು ಬೆಂಗಳೂರಿನಲ್ಲಿ ಹಾಕಿಸಿಕೊಂಡು ಬಂದಿದ್ದರು. ಅದರ ರೋಗ ಹಿಡಿಯಬಲ್ಲವನು ಊರಿಗೆಲ್ಲ ಇವನೊಬ್ಬನೇ. ಹೆದ್ದಾರಿ ಪಕ್ಕದಲ್ಲಿ ಅವನ ಆಟೋ ಎಲೆಕ್ಟ್ರಿಕ್ ಅಂಗಡಿ.

ಮೊದಲ ಸಲ ಕೆಟ್ಟಿದ್ದು ನಿಜ. ಡಿಕ್ಕಿಯ ಸ್ವಿಚ್ಚು ತುಕ್ಕು ಹಿಡಿದು, ಮುಚ್ಚಿದ ಡಿಕ್ಕಿಯನ್ನೂ ತೆರೆದಿದೆಯೆಂದು ಅಲಾರಮ್ಮಿಗೆ ಚಾಡಿ ಹೇಳುತ್ತಿತ್ತು. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದ ವಕೀಲರ ಮಗಳು ಕೌಸಲ್ಯ ಪಕ್ಕದಲ್ಲೇ ನಿಂತು ನೋಡಿದಳು.

"ಬಾನೆಟ್ ಬಿಟ್ಟು ಮೊದ್ಲು ಡಿಕ್ಕೀನೇ ಯಾಕೆ ನೋಡಿದ್ರಿ?"

"ನೀರು ನಿಲ್ಲೋದು ಅಲ್ಲೇ ಅಲ್ವಾ," ಎನ್ನುವಷ್ಟರಲ್ಲಿ ಅವನ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಬಿದ್ದಿತ್ತು. ಅಷ್ಟು ಅಕ್ಕರೆಯಿಂದ ಅವನ ಕೆಲಸವನ್ನು ಯಾರೂ ವಿಚಾರಿಸಿರಲಿಲ್ಲ.

ಮುಂದೆ ಕಾರು ಗುಬ್ಬಿಯಲ್ಲಿ ಕೂಗಿತು, ನಾಮಕರಣದ ಮನೆ ಮುಂದೆ, ಮಗುವಿಗಿಂತ ಜೋರಾಗಿ. ಯೋಗನರಸಿಂಹ ಬಸ್ಸು ಹತ್ತಿ ಓಡಿದ. ಬಾನೆಟ್ ಸ್ವಿಚ್ಚಿನ ವೈರು ಸಿಪ್ಪೆ ಸುಲಿದುಕೊಂಡು ಕಾರಿನ ತಗಡಿಗೆ ತಾಗುತ್ತಿತ್ತು. ಇಲಿ ಕಡಿದಿದ್ದರೆ ಹಲ್ಲಿನ ಗುರುತಿರಬೇಕು. ಇದು ಬ್ಲೇಡಿನಲ್ಲಿ ಕೊಯ್ದಷ್ಟು ನೀಟಾಗಿತ್ತು. ತಲೆ ಎತ್ತಿದ. ಕೌಸಲ್ಯ ಬೆರಳಿಗೆ ಸುತ್ತಿದ್ದ ಬಟ್ಟೆಯನ್ನು ತಟ್ಟನೆ ಬೆನ್ನ ಹಿಂದೆ ಮರೆಮಾಡಿದಳು.

ಅವನ ಎದೆಯೊಳಗೆ ಡೋಲು ಬಾರಿಸಿದಂತಾಯಿತು. ತನ್ನನ್ನು ಕರೆಸಿಕೊಳ್ಳಲು ಹುಡುಗಿ ಅಪ್ಪನ ಕಾರನ್ನೇ ಕೆಡಿಸುತ್ತಿದ್ದಾಳೆ!

"ಇಲಿ ಕಾಟ ಸಾರ್," ಎಂದು ವಕೀಲರಿಗೆ ಹೇಳಿ ಅವಳನ್ನು ಉಳಿಸಿದ.

ಅಲ್ಲಿಂದ ಇಲಿ ಕಾಟಕ್ಕೆ ಕೊನೆಯೇ ಇಲ್ಲ. ಒಂದು ಸಲ ಫ್ಯೂಸು, ಇನ್ನೊಂದು ಸಲ ರಿಲೇ. ಇವತ್ತಂತೂ ಸ್ಪೀಡೋಮೀಟರಿನ ಹಿಂದೆ, ಕೈಯೇ ಹೋಗದ ಸಂದಿಯಲ್ಲಿ. ಹುಡುಕಿ ಹುಡುಕಿ ಬೆವೆತು ಹೋದ. ಅಂತೂ ಸದ್ದು ನಿಂತಿತು.

"ಕಷ್ಟ ಆಯ್ತಾ?" ಕೌಸಲ್ಯ ಉಸಿರು ಬಿಗಿಹಿಡಿದು ಕೇಳಿದಳು.

"ನಿಜವಾಗ್ಲೂ ಕಷ್ಟ ಆಯ್ತು ಕಣ್ರೀ."

ಅವಳ ಮುಖ ಅರಳಿತು. "ಹಾಗಾದ್ರೆ ಸಾಕು. ಇನ್ಮೇಲೆ ಹೀಗೆ ಓಡಾಡಿಸಲ್ಲ. ಇವತ್ತೇ ಅಪ್ಪನ ಹತ್ರ ಮಾತಾಡ್ತೀನಿ. ಅವರು ಒಪ್ಪಿದ್ರೆ ನಾವು ದಿನಾ ಮುಖ ನೋಡ್ಕೊಂಡೇ ಇರ್ತೀವಲ್ಲ!"

ಯೋಗನರಸಿಂಹ ಸೈಕಲ್ಲನ್ನು ಅಲ್ಲೇ ಮರೆತು ತನ್ನೂರು ಕುಣಿಗಲ್ಲಿನ ಬಸ್ಸು ಹತ್ತಿದ. ಮನೆ ಹೊಕ್ಕವನೇ ತಾಯಿ ಅಂಬುಜಮ್ಮನನ್ನು ಎತ್ತಿ ಒಂದು ಸುತ್ತು ತಿರುಗಿಸಿದ.

"ಬಿಡೋ, ಸೊಂಟ ಮುರೀತೀಯ! ವಕೀಲರ ಮಗಳು ನಿನ್ನ ಒಪ್ಪಿದಾಳಾ? ಈ ಗ್ರೀಸ್ ಮೆತ್ಕೊಂಡ ಮುಖಾನ?"

"ಕಾರು ಕೆಡಿಸಿ ಕೆಡಿಸಿ ಕರೆಸ್ಕೋತಾಳೆ ಕಣಮ್ಮ!"

ಮರುದಿನ ತಾಯಿ ಮಗ ಹೂವು, ಹಣ್ಣು, ರವಿಕೆ ಕಣ ಇಟ್ಟ ತಟ್ಟೆ ಹಿಡಿದು ವಕೀಲರ ಮನೆ ಬಾಗಿಲು ತಟ್ಟಿದರು. ಬಾಗಿಲು ತೆರೆದವಳು ಕೌಸಲ್ಯಳೇ. ತಟ್ಟೆ ನೋಡಿ ಅವಳ ಕಣ್ಣು ತುಂಬಿ ಬಂತು.

"ಅಪ್ಪಾ, ಬೇಗ ಬನ್ನಿ! ನೀವು ಒಪ್ಪಿದ್ದು ಇವರಿಗೆ ಆಗಲೇ ಗೊತ್ತಾಗಿದೆ!"

ಅಂಬುಜಮ್ಮ ಮಗನ ಪಕ್ಕೆ ತಿವಿದಳು. ಅವನು ನಾಚಿ ನೆಲ ನೋಡಿದ.

ಕೌಸಲ್ಯ ಬಗ್ಗಿ ಅವನ ಕಾಲಿಗೆ ನಮಸ್ಕರಿಸಿದಳು. "ಆಶೀರ್ವಾದ ಮಾಡಿ, ಗುರುಗಳೇ. ಕೆಡಿಸಿ ಕೆಡಿಸಿ, ನೀವು ಸರಿ ಮಾಡೋದು ನೋಡಿ ನೋಡಿ ಎಲ್ಲಾ ಕಲಿತೆ. ನಿಮ್ಮ ಎದುರು ಮಳಿಗೇಲೇ ಶುಕ್ರವಾರ ನನ್ನ ಅಂಗಡಿ ಪೂಜೆ!"