ಗೇಮ್ ಡಬ್ಬದ ಹುಡುಗಿ

ಪ್ರೇಮಮ್ಮ ಕೊಡಲಿ ತರಲು ಹಿತ್ತಿಲಿಗೆ ಹೋಗಿದ್ದಳು. ಅಷ್ಟರಲ್ಲಿ ಯಾರೋ ಹುಡುಗಿ ಅಂಗಡಿ ಮೆಟ್ಟಿಲು ಹತ್ತಿ, "ಹಳೇ ವಿಡಿಯೋ ಗೇಮ್ ಡಬ್ಬ ಇರೋದು ಇಲ್ಲೇನಾ ಅಂಕಲ್?" ಎಂದಳು. ಚನ್ನಬಸವಣ್ಣನಿಗೆ ಹೋದ ಜೀವ ಬಂದಂತಾಯಿತು. ಪಿರಿಯಾಪಟ್ಟಣದ ಅವನ ಈ ದಿನಸಿ ಅಂಗಡಿ ಒಂದು ಕಾಲಕ್ಕೆ ವಿಡಿಯೋ ಗೇಮ್ ಪಾರ್ಲರ್ ಆಗಿತ್ತು. ಹೊಗೆಸೊಪ್ಪು ಹರಾಜಾದ ದಿನ ಹುಡುಗರ ಸಾಲು ಬೀದಿವರೆಗೂ ಬರುತ್ತಿತ್ತು. ಈಗ ಉಳಿದಿರುವುದು ಮೂಲೆಯಲ್ಲಿರುವ ಆಳೆತ್ತರದ ಒಂದೇ ಡಬ್ಬ. ಪರದೆ ಯಾವತ್ತೋ ಸತ್ತಿದೆ, ಒಳಗೆ ಇಲಿಗಳ ಸಂಸಾರ. ಆ ಜಾಗದಲ್ಲಿ ಫ್ರಿಜ್ ಇಟ್ಟು ಐಸ್‌ಕ್ರೀಮ್ ಮಾರೋಣವೆಂದು ಹೇಳಿ ಹೇಳಿ ಸಾಕಾದ ಹೆಂಡತಿ ಪ್ರೇಮಮ್ಮ, ಇವತ್ತು ಅದನ್ನು ಸೌದೆ ಮಾಡಿಯೇ ತೀರುತ್ತೇನೆಂದು ಎದ್ದಿದ್ದಳು.

ಚನ್ನಬಸವಣ್ಣ ಜಪ್ಪಯ್ಯ ಅಂದರೂ ಒಪ್ಪುವವನಲ್ಲ. ಡಬ್ಬದ ಪಕ್ಕದ ಹಲಗೆಯ ಮೇಲೆ, ಗಾಳಿಯಲ್ಲಿ ಕಾಲೆತ್ತಿ ಒದೆಯುವ ಹುಡುಗಿಯ ಚಿತ್ರವಿತ್ತು. ಉದ್ದ ಜಡೆ, ಒದೆಯುವಾಗಲೂ ಉದುರದ ಕನಕಾಂಬರ, ಗದ್ದದ ಮೇಲೊಂದು ಮಚ್ಚೆ. ಥೇಟ್ ಪ್ರೇಮಮ್ಮ. ಹೆಣ್ಣು ನೋಡಿ ಬಂದ ಮಾರನೆಯ ದಿನವೇ ಪೇಂಟರ್ ಪಕ್ಕ ಕೂತು, ಮೂಗು ಹೀಗೆ, ಕಣ್ಣು ಹೀಗೆ ಎಂದು ಹೇಳಿ ಬರೆಸಿದೆನೆಂದು ಅವನು ಮದುವೆಯಾದಂದಿನಿಂದ ಹೇಳಿಕೊಂಡು ಬಂದಿದ್ದ. ಹೆಂಡತಿಗೆ ಒಂದು ಮೊಳ ಹೂ ತಂದುಕೊಟ್ಟ ಆಸಾಮಿಯಲ್ಲ. ಜಗಳವಾದಾಗಲೆಲ್ಲ ಡಬ್ಬದ ಕಡೆ ಕೈ ಚಾಚಿ, "ಪ್ರೀತಿ ಇಲ್ಲ ಅಂತೀಯಲ್ಲ, ಅದೇನು ಮತ್ತೆ?" ಎನ್ನುವನು. ಅವಳ ಬಾಯಿ ಮುಚ್ಚಿಸಲು ಅವನ ಹತ್ತಿರ ಇದ್ದದ್ದು ಅದೊಂದೇ. ಡಬ್ಬ ಹೋದರೆ ಅದೂ ಹೋದಂತೆ.

ಬಂದವಳ ಹೆಸರು ಅನುಶ್ರೀ, ಮೈಸೂರಿನವಳು. ಇಂಥ ಹಳೆಯ ಡಬ್ಬಗಳನ್ನು ಕಲೆಹಾಕಿ ಪ್ರದರ್ಶನ ಇಡುತ್ತಾಳಂತೆ.

"ಇದನ್ನ ಕೊಡ್ತೀರಾ ಅಂಕಲ್?"

"ಪ್ರಾಣ ಬೇಕಾದ್ರೆ ಕೊಡ್ತೀನಿ, ಇದನ್ನ ಮಾತ್ರ ಕೊಡಾಕಿಲ್ಲ."

"ಸುಮ್ನೆ ಎತ್ಕೊಂಡೋಗಮ್ಮ," ಎಂದಳು ಕೊಡಲಿ ಹಿಡಿದು ಒಳಬಂದ ಪ್ರೇಮಮ್ಮ. "ನಿನಗೆ ಕಾಫೀನೂ ಕೊಟ್ಟು ಕಳಿಸ್ತೀನಿ."

ಅನುಶ್ರೀ ನಕ್ಕು ಫೋನ್ ತೆಗೆದಳು. ಆಗೆಲ್ಲ ಡಬ್ಬಗಳು ಬರೀ ಪ್ಲೈವುಡ್ಡಾಗಿ ಬರುತ್ತಿದ್ದವು. ಊರೂರು ತಿರುಗುವ ಬೋರ್ಡ್ ಪೇಂಟರು ಅಲ್ಲಲ್ಲಿ ತನಗೆ ತೋಚಿದ ಚಿತ್ರ ಬರೆಯುತ್ತಿದ್ದ. ಹಾಗಾಗಿ ಒಂದೇ ಗೇಮಿಗೆ ಊರಿಗೊಂದು ವೇಷ. "ನೋಡಿ ಆಂಟಿ, ಇದು ಎಚ್.ಡಿ. ಕೋಟೆದು, ಹೀರೋ ಆನೆ ಮೇಲೆ ಕೂತಿದಾನೆ. ಇದು ಟಿಬೆಟ್ ಕ್ಯಾಂಪ್ ಪಕ್ಕದ ಕೊಪ್ಪದ್ದು, ಡ್ರ್ಯಾಗನ್ನು ಅವರ ಗುಡಿ ಗೋಡೆಯಿಂದ ಇಳಿದು ಬಂದಂಗಿದೆ. ಇದು ಹುಣಸೂರಿಂದು, ವಿಲನ್‌ಗೆ ಪಂಚೆ ಉಡಿಸಿಬಿಟ್ಟಿದಾರೆ!" ವಿಲನ್ನಿನ ಪಂಚೆ ನೋಡಿ ಪ್ರೇಮಮ್ಮ ಬಿದ್ದು ಬಿದ್ದು ನಕ್ಕಳು. ಮತ್ತೊಂದು ಸಲ ನೋಡಿದಳು. ಆಮೇಲೆ ನಗು ನಿಂತಿತು. ಮೂರರಲ್ಲೂ ಅದೇ ಹುಡುಗಿ ಇದ್ದಳು. ಅದೇ ಜಡೆ, ಅದೇ ಮಚ್ಚೆ.

"ಎಲ್ಲಾ ಒಬ್ಬರೇ ಬರೆದಿದ್ದು, ಚಲುವಯ್ಯ ಅಂತ. ಹೀರೋ ಊರೂರಿಗೆ ಬದಲಾಗ್ತಾನೆ, ಹುಡುಗಿ ಮಾತ್ರ ಬದಲಾಗಲ್ಲ. ಕಲ್ಪನೆ ಇರ್ಬೇಕು ಅಂದ್ಕೊಂಡಿದ್ದೆ. ಈಗ ನಿಮ್ಮನ್ನ ನೋಡಿದ್ರೆ..." ಅನುಶ್ರೀ ಅವಳ ಗದ್ದ ನೋಡಿ ಅಲ್ಲಿಗೇ ನಿಲ್ಲಿಸಿದಳು.

"ಎಲ್ಲಕ್ಕಿಂತ ಮೊದ್ಲು ಬರೆದಿದ್ದು ಯಾವ್ದಮ್ಮ?" ಎಂದಳು ಪ್ರೇಮಮ್ಮ.

"ಕೆ.ಆರ್. ನಗರದ್ದು. ಕೆಳಗೆ ಇಸವಿ ಹಾಕಿದಾರೆ, ತೊಂಬತ್ತಮೂರು."

ಕೆ.ಆರ್. ನಗರ ಪ್ರೇಮಮ್ಮನ ತವರು. ಚನ್ನಬಸವಣ್ಣ ಅವಳನ್ನು ನೋಡಲು ಹೋದದ್ದು ತೊಂಬತ್ತೈದರಲ್ಲಿ. ಅವನು ಆಗಲೇ ಬೆನ್ನು ತಿರುಗಿಸಿ ಬೆಲ್ಲದ ಅಚ್ಚುಗಳನ್ನು ಜೋಡಿಸತೊಡಗಿದ್ದ.

"ನೀವು ಪಕ್ಕ ಕೂತ್ಕಂಡು ಬರೆಸಿದ್ದು ಅಂದ್ರಲ್ಲ?"

"ನಾನೆಲ್ಲಿ ಬರೆಸ್ದೆ?" ಚನ್ನಬಸವಣ್ಣನ ಸ್ವರ ಬೆಲ್ಲದ ಕಡೆಯಿಂದಲೇ ಬಂತು. "ಏನಾರ ಬರಿಯಪ್ಪ ಅಂತ ಪೇಂಟರ್‌ಗೆ ಹೇಳಿ ನಿಮ್ಮೂರಿಗೆ ಹೆಣ್ಣು ನೋಡಕೆ ಬಂದಿದ್ದೆ. ವಾಪಸ್ ಬಂದು ನೋಡ್ತೀನಿ, ಡಬ್ಬದ ಮೇಲೆ ನೀನೇ ಇದ್ದೀಯ! ಶಿವನೇ ಗಂಟು ಹಾಕ್ಬುಟ್ಟ ಅಂತ ಅವತ್ತೇ ಒಪ್ಕಂಡೆ. ಮದ್ವೆ ಆಗಿ ಬಂದೋಳು, 'ಇದು ನೀವು ಬರೆಸಿದ್ದಾ?' ಅಂತ ಕಣ್ಣರಳಿಸ್ಕಂಡು ಕೇಳ್ದೆ. ಇನ್ನೇನು ಹೇಳ್ಲಿ? ಹೂಂ ಅಂದೆ."

ಪ್ರೇಮಮ್ಮ ಕೊಡಲಿಯನ್ನು ಅಕ್ಕಿ ಮೂಟೆಗೆ ಒರಗಿಸಿ ಡಬ್ಬದ ಮುಂದೆ ಹೋಗಿ ನಿಂತಳು.

"ನಮ್ಮಪ್ಪನ ಬಟ್ಟೆ ಅಂಗಡಿಗೆ ಬೋರ್ಡ್ ಬರೆಯಾಕೆ ಬಂದಿದ್ದ ಕಣಮ್ಮ ಆ ಚಲುವಯ್ಯ. ಎರಡೇ ಎರಡು ಪದ. ಎದುರು ಜಗಲಿ ಮೇಲೆ ಕೂತ್ಕಂಡು ತಿಂಗಳುಗಟ್ಲೆ ಬರೆದ. ನಮ್ಮಪ್ಪ ಎಂಥಾ ಸೋಮಾರಿ ಅಂತ ಬೈಯೋರು. ನಾನೂ ಅಂಗೇ ಅಂದ್ಕೊಂಡಿದ್ದೆ."

ಹೇಳುತ್ತಾ ಅವಳ ಮುಖ ಕೆಂಪಾಯಿತು. ಅಷ್ಟು ನಾಚಿಕೆಯನ್ನು ಚನ್ನಬಸವಣ್ಣ ಮದುವೆ ಮಂಟಪದಲ್ಲೂ ನೋಡಿರಲಿಲ್ಲ. ಕೈಲಿದ್ದ ಬೆಲ್ಲದ ಅಚ್ಚನ್ನು ಕುಕ್ಕಿ ಈ ಕಡೆ ತಿರುಗಿದ.

"ತಗೊಂಡೋಗಮ್ಮ," ಎಂದ ಅನುಶ್ರೀಗೆ. "ಈಗ್ಲೇ ಆಟೋ ಕರೀತೀನಿ. ದುಡ್ಡೂ ಬ್ಯಾಡ, ಏನೂ ಬ್ಯಾಡ."

"ಇದು ಎಲ್ಲಿಗೂ ಹೋಗಲ್ಲ," ಎಂದಳು ಪ್ರೇಮಮ್ಮ, ಸೆರಗಿನಿಂದ ಚಿತ್ರದ ಧೂಳು ಒರೆಸುತ್ತಾ.

"ಅಲ್ಲ ಕಣೇ, ಬೆಳಿಗ್ಗೆ ತಾನೆ ಸೌದೆ ಮಾಡ್ತೀನಿ ಅಂತ ಕುಣೀತಿದ್ದೆಯಲ್ಲ?"

"ಬೆಳಿಗ್ಗೆ ಇದು ನೀವು ಬರೆಸಿದ್ದಾಗಿತ್ತು ಕಣ್ರೀ."