ಇನ್ನೊಂದು ಜಾಗ ತೋರಿಸ್ರಿ, ಕಾಕಾ

ದೋಣಿ ದಂಡೆ ಬಿಟ್ಟಾಗಿತ್ತು. ಅಷ್ಟರಲ್ಲಿ ಒಬ್ಬ ಹುಡುಗಿ ಮೊಣಕಾಲುದ್ದ ನೀರಿನಲ್ಲಿ ಓಡಿಬಂದು, ಎರಡೂ ಕೈಯಿಂದ ಅದರ ಅಂಚು ಹಿಡಿದುಬಿಟ್ಟಳು.

“ಕಾಕಾ, ನನ್ನೂ ಕರಕೊಂಡ ಹೋಗ್ರಿ. ಹಿನ್ನೀರು ನೋಡಬೇಕು.”

“ಇವತ್ತ ಆಗೂದಿಲ್ಲವ್ವಾ. ಬ್ಯಾರೇ ದೋಣಿ ನೋಡ್ಕೊ,” ಎಂದ ಹಾಲೇಶ.

ಕೇಳಿದರೆ ತಾನೇ! ಒದ್ದೆ ಬಟ್ಟೆಯಲ್ಲೇ ಹತ್ತಿ ಕೂತಳು. ದೋಣಿಯೊಳಗೆ ಹೊಸ ಹಗ್ಗ ಕಟ್ಟಿದ ದೊಡ್ಡದೊಂದು ಕಲ್ಲಿತ್ತು. ಅದನ್ನು ನೋಡಿದ್ದೇ ಅವಳ ಮುಖ ಬಿಳಿಚಿಕೊಂಡಿತು. ಎರಡೂ ಪಾದ ಅದರ ಮೇಲಿಟ್ಟು ಗಟ್ಟಿಯಾಗಿ ಊರಿದಳು.

ಹಾಲೇಶ ಹುಟ್ಟು ನಿಲ್ಲಿಸಿ ಅವಳನ್ನೇ ನೋಡಿದ. ಬೀಳಗಿ ಸೀಮೆಯ ಈ ಹಿನ್ನೀರಿನಲ್ಲಿ ಹುಟ್ಟು ಹಾಕುತ್ತಲೇ ತಲೆ ನರೆತವನು. ನೀರು ನೋಡಲು ಬರುವವರ ಕಣ್ಣು ಯಾವುದು, ನೀರಿಗೆ ಬೀಳಲು ಬರುವವರ ಕಣ್ಣು ಯಾವುದು, ಅವನಿಗೆ ಗೊತ್ತಾಗದೇ? ಹುಡುಗಿ ಒಬ್ಬಳೇ ಇದ್ದಾಳೆ. ಅತ್ತು ಬಂದಿದ್ದಾಳೆ. ಕೊರಳಲ್ಲಿ ಕ್ಯಾಮೆರಾ ಇದೆ, ಅದನ್ನು ಮುಟ್ಟಿಯೂ ನೋಡುತ್ತಿಲ್ಲ.

ಇಳಿಸಿದರೆ ಇನ್ನೊಂದು ಕಡೆ ಹೋಗಿ ಹಾರುತ್ತಾಳೆ. ಥತ್, ಬರುವವಳು ಇವತ್ತೇ ಬರಬೇಕಿತ್ತೇ! ಹಾಲೇಶ ಹುಟ್ಟು ಹಾಕಿದ.

ಹೆಸರು ವೈಶಾಲಿಯಂತೆ. ಮುಧೋಳದವಳಂತೆ. ಹಕ್ಕಿಗಳ ಫೋಟೋ ತೆಗೆಯಲು ಬಂದವಳಂತೆ. ಅವನು ಒಂದನ್ನೂ ನಂಬಲಿಲ್ಲ.

ಆಳದ ಕಡೆ ಹೋಗದೆ ಮೊದಲು ರಾಜಹಂಸಗಳ ಹತ್ತಿರ ಕರೆದೊಯ್ದ. ಅಲ್ಲಿ ಕೆಸರೇ ಹೆಚ್ಚು, ಬಿದ್ದರೂ ಮುಳುಗುವಷ್ಟು ನೀರಿಲ್ಲ. ನೂರಾರು ಹಕ್ಕಿಗಳು ತಲೆ ತಗ್ಗಿಸಿ ಮೇಯುತ್ತಿದ್ದವು. ದೋಣಿಯ ಸದ್ದಿಗೆ ಒಮ್ಮೆಲೇ ಎದ್ದವು, ಆಕಾಶವೆಲ್ಲ ಗುಲಾಬಿಯಾಯಿತು. ಅವಳು ಮಾತ್ರ ಅವನನ್ನೇ ನೋಡುತ್ತಿದ್ದಳು.

“ಆತಲ್ಲ? ದಂಡಿಗೆ ಬಿಡ್ತೀನಿ.”

“ಇನ್ನೊಂದು ಜಾಗ ತೋರಿಸ್ರಿ, ಕಾಕಾ.”

“ಹಂಗಾದ್ರ ಆ ಕಲ್ಲು ಈ ಕಡೆ ಕೊಡು. ನಿನ್ನ ಕಾಲಿಗೆ ತೊಡಕು.”

“ಇರಲಿ ಬಿಡ್ರಿ. ನನ್ನ ಕಾಲಬುಡಕ ಇರಲಿ.”

ಮುಳುಗಿದ ಊರಿನ ಗುಡಿ ತೋರಿಸಿದ. ಬರೀ ಶಿಖರ ಹೊರಗಿತ್ತು. ಅದರ ಮೇಲೊಂದು ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು. ಹೊತ್ತು ನೆತ್ತಿಗೆ ಬಂತು. ಹಾಲೇಶ ಬುತ್ತಿ ತಂದಿರಲಿಲ್ಲ. ವೈಶಾಲಿ ಚೀಲದಿಂದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ತೆಗೆದಳು. ಸಾಯಲು ಹೊರಟವರು ಬುತ್ತಿ ಕಟ್ಟಿಕೊಂಡು ಬರುತ್ತಾರೆಯೇ ಎಂದು ಅವನು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಮೊದಲ ತುತ್ತಿಗೇ ಕೈ ತಡೆಯಿತು. ಬೆಳ್ಳುಳ್ಳಿ ಮುಂದು, ಉಪ್ಪು ಹಿಂದು, ತೀರ ಮನೆಯದೇ ರುಚಿ.

“ಯಾರ ಮಾಡಿದ್ದವ್ವಾ ಇದು?”

“ದಂಡಿಮ್ಯಾಲ ಒಬ್ಬಾಕಿ ಕೊಟ್ಟಳ್ರಿ. ಉಣ್ರಿ ಕಾಕಾ, ಹೊಟ್ಟಿ ತುಂಬ ಉಣ್ರಿ.”

ಯಾರೋ ಪುಣ್ಯವಂತೆ ಇರಬೇಕು. ಈ ಸೀಮೆಯಲ್ಲಿ ಎಲ್ಲರ ಮನೆಯ ಹಿಂಡಿಯೂ ಅಷ್ಟೇ ಅಲ್ಲವೇ?

ಮತ್ತೆ ಇಳಿ ಎಂದ. ಮತ್ತೆ ಇನ್ನೊಂದು ಜಾಗ ಎಂದಳು. ಚಿಕ್ಕಸಂಗಮದ ಕಡೆ ತಿರುಗಿದಾಗ ಗಾಳಿ ಎದ್ದು, ಹಾಲೇಶನ ಹಲ್ಲು ಕಟಕಟಿಸಿತು.

“ಕಂಬಳಿ ಹೊದ್ದು ಬಂದಿಲ್ಲೇನ್ರಿ?”

“ಮನ್ಯಾಗ ಐತಿ.” ಆಮೇಲೆ ಹುಟ್ಟು ಎತ್ತಿ ತೋರಿಸಿದ. “ಅಲ್ಲಿ, ಆ ಎರಡು ಹೊಳಿ ಕೂಡತಾವಲ್ಲ, ಅಲ್ಲೇ ನನ್ನ ಮಗ ಹ್ವಾದ. ಶಿವಪುತ್ರ. ಗಾಳಿ ಐತಿ, ಒಲ್ಲೆ ಅಂದಿದ್ದ. ನಾನ ಬೈದು ಮೀನಿಗೆ ಕಳಿಸಿದೆ.”

ಶಿವಪುತ್ರನ ಕಂಬಳಿಯನ್ನು ಮಡಚಿ, ಅರಿಶಿನದ ಭಂಡಾರ ಹಾಕಿ, ದೇವರ ಜಗಲಿಯಲ್ಲಿ ಬೀರಪ್ಪನ ಮುಂದೆ ಇಟ್ಟಿದ್ದರು. ಮನೆಯಲ್ಲಿ ಸತ್ತವರ ಕಂಬಳಿಯನ್ನು ಹಾಗೆ ಇಡುವುದು ಅವರ ಹಿರಿಯರಿಂದ ಬಂದ ಪದ್ಧತಿ. ಹಾಲೇಶನ ಹೆಂಡತಿ ಹಣಮವ್ವ ದಿನ ಬೆಳಗಾದರೆ ಅದರ ಮುಂದೆ ದೀಪ ಹಚ್ಚಿ ಅಳುತ್ತಾಳೆ.

ಹೇಳಿಬಿಡಬೇಕು ಎನಿಸಿತು ಹಾಲೇಶನಿಗೆ. ಈ ಕೂಸು ಬದುಕಬೇಕು, ಹೇಗಾದರೂ ಬದುಕಬೇಕು.

“ಕೇಳು ತಂಗಿ. ನೀರಿಗೆ ಬಿದ್ದವರು ತಾವೊಬ್ಬರ ಸಾಯೂದಿಲ್ಲ, ಮನ್ಯಾಗಿದ್ದವರನ್ನೂ ಕೊಂದ ಹೋಗ್ತಾರ. ನಮ್ಮಾಕಿ ಇನ್ನೂ ಅವನ ಗಂಗಾಳಕ್ಕ ಅನ್ನ ಹಾಕಿ ಕಾಯ್ತಾಳ. ನೋಡಾಕ ಆಗೂದಿಲ್ಲವ್ವಾ. ಏನ ಕಷ್ಟ ಇದ್ರೂ ಬದುಕಬೇಕು.”

ವೈಶಾಲಿಯ ಕಣ್ಣಿಂದ ನೀರು ಸುರಿಯಿತು.

“ಖರೆ ಮನಸಿಲೆ ಹೇಳಾಕತ್ತೀರೇನ್ರಿ?”

“ಬೀರಪ್ಪನ ಆಣಿ.”

“ಆಣಿ ಹಾಕೀರಿ, ಕಾಕಾ. ಮರೀಬ್ಯಾಡ್ರಿ.” ಅವಳು ಕಣ್ಣೊರೆಸಿಕೊಂಡು ದಂಡೆಯ ಕಡೆ ಕತ್ತೆತ್ತಿ ನೋಡಿದಳು. ದೂರದಲ್ಲಿ ಇಬ್ಬರು ನಿಂತಿದ್ದರು. “ಈಗ ನಡೀರಿ. ಸಾಕು, ನೋಡಿದ್ದಾತು.”

ಅಬ್ಬಾ, ಬದುಕಿತು ಬಡಜೀವ! ಹಾಲೇಶ ರಟ್ಟೆ ನೋಯುವ ಹಾಗೆ ಹುಟ್ಟು ಹಾಕಿದ. ಇವಳನ್ನು ಇಳಿಸಿ ಬೇಗ ತಿರುಗಬೇಕು. ಹೊತ್ತು ಮುಳುಗುತ್ತ ಬಂದಿತ್ತು, ಅವನ ಕೆಲಸ ಹಾಗೇ ಉಳಿದಿತ್ತು.

ದೋಣಿ ದಂಡೆ ಮುಟ್ಟಿತು. ವೈಶಾಲಿ ಮೊದಲು ಆ ಕಲ್ಲನ್ನು ಏದುಸಿರು ಬಿಡುತ್ತ ಎತ್ತಿ ಕೆಸರಿಗೆ ಉರುಳಿಸಿದಳು. ಆಮೇಲೆ ತಾನು ಹಾರಿ, “ಅವ್ವಾ, ನೀವು ಹೇಳಿದಂಗ ಕರಕೊಂಡ ಬಂದೀನ್ರಿ,” ಎಂದು ಬಿಕ್ಕಿದಳು.

ಎದುರಿಗೆ ಹಣಮವ್ವ. ಪಕ್ಕದಲ್ಲಿ, ಸುದ್ದಿ ಕೇಳಿ ಹುನ್ನೂರಿನಿಂದ ಓಡಿಬಂದ ಹಾಲೇಶನ ಅಣ್ಣ ಗಿರಿಮಲ್ಲಪ್ಪ. ಅವನು ದೋಣಿಯ ಹಗ್ಗವನ್ನು ತನ್ನ ಕೈಗೆ ಸುತ್ತಿಕೊಂಡ. ಹಣಮವ್ವ ನೀರಿಗಿಳಿದು ಬಂದಳು. ಅವಳು ಎದೆಗೆ ಅವುಚಿಕೊಂಡ ಕಂಬಳಿ ಮಗನದಲ್ಲ, ಹಾಲೇಶನದು. ಮಡಿಕೆ ಬಿಚ್ಚಿರಲಿಲ್ಲ, ಮೇಲೆ ಹಳದಿ ಭಂಡಾರ ಹಾಗೇ ಇತ್ತು.

“ಜೀವಂತ ಇದ್ದವರು ತಮ್ಮ ಕಂಬಳಿ ತಾವ ಬೀರಪ್ಪನ ಮುಂದ ಮಡಚಿ ಇಡ್ತಾರೇನ್ರೀ?”